ಕಿಟಕಿಯನ್ನೂ ಬಿರುಕೆಂದ ಗಾರೆ

ಕಲಬುರಗಿ,
ಇಸವಿ ಎರಡು ಸಾವಿರದ ಮುನ್ನೂರ ನಾಲ್ಕು, ಎರಡನೆಯ ವೈಶಾಖದ ನಲವತ್ತನೆಯ ದಿನ

ಪೂಜ್ಯ ಶಿವಲೀಲಾ ಕೊಡೇಕಲ್ ಅವರಿಗೆ, ನಿಮ್ಮ ವಂಶದಲ್ಲಿ ಬಹಳ ಕೆಳಗೆ ಹುಟ್ಟಿದ ನೀಲಾಂಬಿಕೆಯ ಶರಣು ಶರಣಾರ್ಥಿ.

ಮೇಲಿನ ತಾರೀಖನ್ನು ಕಂಡು ನಗಬೇಡಿ. ಬೇಸಿಗೆ ಬೆಳೆಯುತ್ತಾ ಹೋದದ್ದರಿಂದ ನಮ್ಮ ಹಿರಿಯರು ವೈಶಾಖವನ್ನು ಎರಡು ಸಲ ಎಣಿಸತೊಡಗಿದರು, ತಿಂಗಳನ್ನೂ ಉದ್ದ ಮಾಡಿಕೊಂಡರು. ನನ್ನ ಮಾತುಗಳಲ್ಲಿ ಕೆಲವು ನಿಮಗೆ ಅಪರಿಚಿತ ಎನಿಸಬಹುದು, ಕ್ಷಮಿಸಿ. ಈ ಪತ್ರ ನಿಮ್ಮವರೆಗೆ ತಲುಪುವ ದಾರಿಯನ್ನು ವಿವರಿಸುವಷ್ಟು ವ್ಯವಧಾನ ನನಗಿಲ್ಲ.

ಬಟ್ಟೆ ಅಂಗಡಿಯ ಮೇಲಿನ ಕೋಣೆಯಲ್ಲಿ ನೀವು ಮತ್ತು ಯೂಸುಫ್ ಸಿದ್ದಿಕಿಯವರು ಆರಂಭಿಸಿದ 'ಕೊಡೇಕಲ್ ಮತ್ತು ಸಿದ್ದಿಕಿ' ವಾಸ್ತುಸಂಸ್ಥೆ ಇನ್ನೂ ಇದೆ. ಇಂದು ಅದನ್ನು ನಡೆಸುತ್ತಿರುವವರು ನಾನು ಮತ್ತು ಸಿದ್ದಿಕಿಯವರ ವಂಶದ ರುಕಯ್ಯಾ. ಸುಣ್ಣದಲ್ಲಿ ಕಣ್ಣಿಗೆ ಕಾಣದ ಜೀವಿಗಳನ್ನು ಬೆರೆಸಿ, ಬಿರುಕನ್ನು ತಾನೇ ಮುಚ್ಚಿಕೊಳ್ಳುವ ಗಾರೆಯೊಂದನ್ನು ನಿಮ್ಮ ಕಾಲದಲ್ಲಿ ನೀವಿಬ್ಬರೂ ಈಗ ಪರೀಕ್ಷಿಸುತ್ತಿದ್ದೀರಿ. ಅದನ್ನು ನಾವು ಜೀವಗಾರೆ ಎನ್ನುತ್ತೇವೆ.

ಅದರಿಂದ ನೀವು ಮೊದಲು ಕಟ್ಟುವುದು ಒಂದು ಹೆರಿಗೆ ಆಸ್ಪತ್ರೆ. ಮುಂದೊಂದು ದಿನ ಭೂಮಿ ನಡುಗುತ್ತದೆ. ಸುತ್ತಲಿನ ಕಟ್ಟಡಗಳು ಕುಸಿದರೂ ಅದು ನಿಲ್ಲುತ್ತದೆ. ಗೋಡೆಯ ಬಿರುಕುಗಳು ಮಳೆಗಾಲ ಮುಗಿಯುವುದರೊಳಗೆ ತಾವಾಗಿ ಕೂಡಿಕೊಳ್ಳುತ್ತವೆ. ಜನ ಆ ಗೋಡೆಗೆ ವಿಭೂತಿ ಹಚ್ಚಿ ಕಾಯಿ ಒಡೆಯುತ್ತಾರೆ. ಅಂದು ಅದರೊಳಗೆ ಹುಟ್ಟಿದ ಒಂದು ಮಗುವಿನಿಂದಲೇ ರುಕಯ್ಯಾಳ ಮನೆತನ ಉಳಿಯಿತು. ಆಮೇಲೆ ಶಾಲೆ, ಸಂತೆಕಟ್ಟೆ, ಗ್ರಂಥಾಲಯ, ಬಿಸಿಲು ತಡೆಯಲೆಂದು ನೆಲದೊಳಗೆ ಅರ್ಧ ಇಳಿದ 'ಒಡಲುಮನೆ'ಗಳು. ಊರೆಲ್ಲ ನಮ್ಮದೇ ಗಾರೆ.

ಆದರೆ ಬಿರುಕು ಯಾವುದು, ಕಿಟಕಿ ಯಾವುದು ಎಂದು ಗಾರೆಗೆ ತಿಳಿಯದು. ಖಾಲಿ ಜಾಗವೆಲ್ಲ ಅದಕ್ಕೆ ಗಾಯವೇ. ನಾವು ಬೆಳಿಗ್ಗೆ ಎದ್ದು ಚಹಾಕ್ಕೆ ನೀರಿಡುವ ಮೊದಲು ಕಿಂಡಿ ಕೆರೆಯುತ್ತೇವೆ. ರಾತ್ರಿ ಬೆಳೆದ ಬಿಳಿ ಪೊರೆಯನ್ನು ಕಬ್ಬಿಣದ ಉಳಿಯಿಂದ ಹೆರೆದು ತೆಗೆಯುತ್ತೇವೆ. ಬಾಗಿಲಿನ ಸಂದಿಗೆ ಹುಣಸೆಹುಳಿ ಬಳಿಯುತ್ತೇವೆ, ಸುಣ್ಣ ಕರಗಲೆಂದು. ಸಾರಿಗೆ ಹುಳಿ ಇಲ್ಲದಿದ್ದರೂ ನಡೆದೀತು, ಬಾಗಿಲಿಗೆ ಬೇಕೇ ಬೇಕು. ಮಕ್ಕಳನ್ನು ಒಳಗೆ ಬಿಟ್ಟು ಯಾರೂ ಪರಸ್ಥಳಕ್ಕೆ ಹೋಗುವುದಿಲ್ಲ. ಇಷ್ಟೆಲ್ಲ ಅಂಜಿಕೆಯ ನಡುವೆಯೂ, ಕೆರೆಯುತ್ತಿದ್ದರೆ ಬದುಕಬಹುದು ಎಂದುಕೊಂಡಿದ್ದೆವು.

ಹೋದ ಮಳೆಗಾಲದ ಆರಂಭದಲ್ಲಿ ರುಕಯ್ಯಾ ಗ್ರಂಥಾಲಯದ ನೆಲಮಾಳಿಗೆಗೆ ಹೋದಳು. ಅಲ್ಲಿನ ಗಾರೆ ವಿಪರೀತ ದಪ್ಪವಾಗುತ್ತಿದೆ ಎಂದು ಸುದ್ದಿ ಬಂದಿತ್ತು. ಬುತ್ತಿ ಕಟ್ಟಿಕೊಂಡು, ಸಂಜೆಗೆ ಬರುತ್ತೇನೆಂದು ಹೊರಟವಳು. ಮಧ್ಯಾಹ್ನವೇ ಮೋಡ ಒಡೆದು ದಾರಿಯೆಲ್ಲ ನೆರೆಯಾಯಿತು. ಕಾದ ಗೋಡೆಗೆ ನೀರು ಬಿದ್ದರೆ ಗಾರೆ ಎಷ್ಟು ಬೇಗ ಬೆಳೆಯುತ್ತದೆಂದು ನಾವು ಯಾರೂ ಕಂಡಿರಲಿಲ್ಲ. ಮರುದಿನ ಬೆಳಿಗ್ಗೆ ನೆರೆ ಇಳಿದ ಮೇಲೆ ನಾನು ಆಳುಗಳೊಂದಿಗೆ ಓಡಿದಾಗ ನೆಲಮಾಳಿಗೆಗೆ ಬಾಗಿಲೇ ಇರಲಿಲ್ಲ. ಗೋಡೆ ಮೊಟ್ಟೆಯ ಸಿಪ್ಪೆಯ ಹಾಗೆ ನುಣ್ಣಗಿತ್ತು. ಕಿವಿ ಹಚ್ಚಿ ಕೂಗಿದೆ. ಒಳಗಿನಿಂದ ಬಹಳ ಸಣ್ಣಗೆ ದನಿ ಬಂತು.

"ನೀಲಾ, ಬಾಗ್ಲಾ ಎಲ್ಲದ? ಕೈಗಿ ಸಿಗವಲ್ದು."

"ಇಲ್ಲೇ ಇದೀನಿ. ಅಂಜಬ್ಯಾಡ, ಒಡಿಲಾಕತ್ತೀವಿ."

"ಲಗೂ ಒಡಿ. ಕತ್ತಲದಾಗ ಬಿದ್ದು ಕಾಲು ಮುರದದ. ಗಾಳಿ ಸಾಲವಲ್ದು."

ಊರಿನವರು ಮನೆಮನೆಯಿಂದ ಹುಳಿಯ ಗಡಿಗೆಗಳನ್ನು ಹೊತ್ತು ತಂದರು. ಹುಳಿ ಸುರಿದು ಸುತ್ತಿಗೆಯಿಂದ ಬಡಿದೆವು. ಒಳಗಿನ ದನಿ ನಿಂತಾಗೆಲ್ಲ ನಾನು ಅವಳ ಹೆಸರು ಹಿಡಿದು ಕಿರುಚುತ್ತಿದ್ದೆ. ಹೊತ್ತು ಮುಳುಗುವ ಮೊದಲು ಒಂದು ಆಳು ತೂರುವಷ್ಟು ರಂಧ್ರವಾಯಿತು, ಅವಳನ್ನು ಎಳೆದುಕೊಂಡೆವು. ಬದುಕಿದ್ದಳು. ಅವಳ ಮುರಿದ ಕಾಲಿನ ತೆರೆದ ಗಾಯದ ತುಂಬ ಗೋಡೆಯಿಂದ ತೊಟ್ಟಿಕ್ಕಿದ ಬಿಳಿನೀರು ಹೆಪ್ಪುಗಟ್ಟಿತ್ತು. ತೊಳೆದೆವು. ಅಷ್ಟೇ ಸಾಕು ಎಂದುಕೊಂಡೆವು.

ಅವಳ ಮೂಳೆ ಕೆಲವೇ ದಿನಗಳಲ್ಲಿ ಕೂಡಿತು. ವೈದ್ಯರು ಬೆರಗಾಗಿ ಸಂತೋಷಪಟ್ಟರು. ಮರುವಾರ ಅದೇ ವೈದ್ಯರು ನನ್ನನ್ನು ಹೊರಗೆ ಕರೆದು, ಅವಳ ಕಾಲಿನ ಮೂಳೆಚಿತ್ರ ತೋರಿಸಿದರು. ಮುರಿದ ಕಡೆ ಕೂಡಿತ್ತು. ಪಾದದ ಕೀಲೂ ಕೂಡಿಹೋಗಿತ್ತು. ನಮ್ಮ ಮೂಳೆಯೂ ಸುಣ್ಣವೇ ತಾನೆ? ಎರಡು ಮೂಳೆಗಳ ನಡುವಿನ ಜಾಗವನ್ನು ಅದು ಬಿರುಕೆಂದು ತಿಳಿದಿತ್ತು. ಆಮೇಲೆ ಮೊಣಕಾಲು. ಆಮೇಲೆ ಸೊಂಟ, ಬೆರಳು. ಈಗ ಅವಳನ್ನು ಆರೈಕೆ ಮಾಡುವ ಹುಡುಗಿಯೊಬ್ಬಳ ಮಣಿಕಟ್ಟು ತಿರುಗುತ್ತಿಲ್ಲ. ಊರಿನ ಜನ ಒಬ್ಬರ ಕೈ ಒಬ್ಬರು ಹಿಡಿಯುವುದನ್ನು ಬಿಟ್ಟಿದ್ದಾರೆ.

ಆ ಗಾರೆಯನ್ನು ಕಲಸಬೇಡಿ, ಆ ಆಸ್ಪತ್ರೆಯನ್ನು ಕಟ್ಟಬೇಡಿ ಎಂದು ನಿಮಗೆ ಬರೆಯಲು ಕುಳಿತಿದ್ದೆ. ಹಾಸಿಗೆಯಿಂದ ರುಕಯ್ಯಾ ತಡೆದಳು.

"ಹಂಗ ಬರೀಬ್ಯಾಡ. ನೆಲ ನಡುಗಿದ ದಿನ ಆ ದವಾಖಾನಿ ಬಿದ್ರ, ಅಷ್ಟೂ ಕೂಸು ಹೋಗ್ತಾವ. ಕಟ್ಟ್ರಿ ಅಂತನೇ ಬರಿ. ಖರೆ, ಅದಕ್ಕ ಸಾಯೋದು ಕಲಿಸ್ರಿ ಅಂತ ಬರಿ."

ಆದ್ದರಿಂದ ಅವಳ ಮಾತನ್ನೇ ನಿಮ್ಮ ಮುಂದಿಡುತ್ತಿದ್ದೇನೆ. ನಿಮ್ಮ ಪರೀಕ್ಷೆಯ ಗೋಡೆಯಲ್ಲಿ ಮೊದಲ ಬಿರುಕು ಮುಚ್ಚಿಕೊಂಡ ದಿನ ನೀವು ಪೇಢೆ ಹಂಚುವಿರಂತೆ, ಹಂಚಿರಿ. ಆದರೆ ಸಿದ್ದಿಕಿಯವರನ್ನು ಪಕ್ಕಕ್ಕೆ ಕರೆದು, ಇದು ಎಲ್ಲಿ ನಿಲ್ಲುತ್ತದೆ ಎಂದು ಕೇಳಿ. ಅವರಿಗೆ ಉತ್ತರ ಗೊತ್ತಿರುವುದಿಲ್ಲ. ಆ ಉತ್ತರ ಸಿಗುವವರೆಗೆ, ಕೆಲಸ ಮುಗಿದ ಮೇಲೆ ಆ ಜೀವಿ ತಾನಾಗಿ ಸಾಯುವಂತೆ ಮಾಡುವವರೆಗೆ, ಅದನ್ನು ಪರೀಕ್ಷೆಯ ಗೋಡೆಯಿಂದ ಆಚೆ ಬಿಡಬೇಡಿ. ಭೂಕಂಪಕ್ಕೆ ಇನ್ನೂ ಸಮಯವಿದೆ. ನಮಗೆ ಇಲ್ಲ.

ಇನ್ನು ಏಳಬೇಕು. ರುಕಯ್ಯಾಳ ದವಡೆಗೆ ಬಿಸಿ ಎಣ್ಣೆ ತಿಕ್ಕುವ ಹೊತ್ತಾಯಿತು. ನಿನ್ನೆಯವರೆಗೆ ಅವಳು ಮಾತಾಡುತ್ತಿದ್ದಳು. ಇಂದು ಬೆಳಿಗ್ಗೆ ಅವಳ ಬಾಯಿ ಒಂದು ಚಮಚ ಗಂಜಿ ಹೋಗುವಷ್ಟು ಮಾತ್ರ ತೆರೆಯಿತು.

ನಿಮ್ಮ
ನೀಲಾಂಬಿಕೆ ಕೊಡೇಕಲ್