ಹಿತ್ತಲಿನ ಎರಡನೆಯ ಎಲೆ

ದಿಲ್‌ಸುಖ್‌ನಗರ, ಹೈದರಾಬಾದ್
12 ಅಕ್ಟೋಬರ್ 2025

ತೀರ್ಥರೂಪ ಅವ್ವನ ಪಾದಕ್ಕೆ ಉಮಾಶ್ರೀಯ ನಮಸ್ಕಾರಗಳು.

ನಾವಿಬ್ಬರೂ ಕ್ಷೇಮ. ಮಹಾಲಯ ಅಮಾವಾಸ್ಯೆಯ ದಿನ ಕಾಚಿಗೂಡದ ಮನೆಯಿಂದ ಮುಖ ಗಂಟುಹಾಕಿಕೊಂಡು ಬಂದವಳು ಇಷ್ಟು ದಿನ ಸುಮ್ಮನಿದ್ದೆ, ತಪ್ಪಾಯಿತು. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಸೊಸೆ, ಆ ವೈನಿ, ಸ್ಪೀಕರ್ ಹಾಕಿ ಕೂಡುತ್ತಾಳೆ. ಮಿಲಿಂದನನ್ನು ಮದುವೆಯಾದ ಮೇಲೆ ಬಳಗವೆಲ್ಲ ಮುಖ ತಿರುಗಿಸಿದರೂ ನೀನು ಬಾಗಿಲು ಮುಚ್ಚಲಿಲ್ಲ. ಅದೊಂದೇ ನನಗಿರುವ ಧೈರ್ಯ, ಅದಕ್ಕೇ ಈ ಕಾಗದ.

ಸಣ್ಣವಳಿದ್ದಾಗ ನೀನು ನನ್ನನ್ನು ಅನುಮಾನದ ಪಿಶಾಚಿ ಅನ್ನುತ್ತಿದ್ದೆ. ಈಗ ಅದಕ್ಕೇ ಪಗಾರ ಕೊಡುತ್ತಾರೆ. ಕಂಪನಿ ಸರಕಾರದ ಕಾಲದಲ್ಲಿ ಸಿಕಂದರಾಬಾದಿನ ದಂಡಿನ ಸುತ್ತ ಬದುಕು ಕಟ್ಟಿಕೊಂಡ ಮನೆತನಗಳನ್ನು ಹುಡುಕುವುದು ನನ್ನ ಕೆಲಸ. ಹಳೆಯ ದಫ್ತರಗಳಲ್ಲಿ ಗಂಡಸರ ಹೆಸರುಗಳಷ್ಟೇ ಸಿಗುತ್ತವೆ. ಹೆಂಗಸರು ಬೇಕೆಂದರೆ ಮನೆಮನೆಯ ಮುದುಕಿಯರನ್ನು ಮಾತಾಡಿಸಬೇಕು, ಹಿರಿಯರ ಹಬ್ಬದಲ್ಲಿ ಯಾರ್ಯಾರಿಗೆ ಎಡೆ ಇಡುತ್ತೀರಿ ಎಂದು ಕೇಳಬೇಕು.

ನಮ್ಮಲ್ಲಿ ಹಿತ್ತಲ ಬಾಗಿಲಾಚೆ ದೀಪವಿಲ್ಲದೆ ಇಡುವ ಎಲೆ 'ಹೊರಗಿನಾಕೆ'ಗೆ, ಎಂದೋ ಸತ್ತ ಆಳುಮಗಳಿಗೆ ಎಂದು ನೀನು ಹೇಳಿದ್ದೆ. ಆಳಿಗೆ ಹೋಳಿಗೆ ಬಡಿಸುವಷ್ಟು ಧಾರಾಳತನ ನಮ್ಮ ಮನೆಗೆ ಯಾವಾಗ ಬಂತು? ಕಣ್ಣಾರೆ ನೋಡಲೆಂದೇ ಆ ದಿನ ಹೇಳದೆ ಬಂದೆ. ಕೈ ತೊಳೆಯಲು ಹಿತ್ತಲಿಗೆ ಹೋದರೆ ಅಲ್ಲಿ ಎರಡು ಎಲೆ. ಎರಡನೆಯದು ಕಾಗೆಗೆ ಎಂದು ನೀನು ಅಂದೆ. ಕಾಗೆಯ ಪಾಲು ಮಾಳಿಗೆಯ ಮೇಲಿದ್ದುದನ್ನು ನಾನು ಆಗಲೇ ನೋಡಿದ್ದೆ. ನೀನು ಅವಸರದಲ್ಲಿ ನನ್ನ ಬ್ಯಾಗು ತಂದು ಕೈಗಿತ್ತೆ.

ಮರುವಾರ ಸಿಕಂದರಾಬಾದಿಗೆ, ಅಪ್ಪನ ಸೋದರತ್ತೆ ಸಾಬಮ್ಮಜ್ಜಿಯ ಹತ್ತಿರ ಹೋದೆ. ಮೊದಲು ಆಕೆಯೂ ಮಾತು ಹಾರಿಸಿದಳು. ಆಮೇಲೆ ಎಲೆಅಡಿಕೆ ಮೆಲ್ಲುತ್ತ ಬಾಯಿಬಿಟ್ಟಳು. ಹೊರಗಿನಾಕೆ ಆಳಲ್ಲ, ನಮ್ಮ ಮನೆಯದೇ ಮಗಳಂತೆ. ದಂಡಿನ ಗೋರಾ ಸಾಹೇಬನೊಬ್ಬನ ಸಂಗಡ ಹೋದವಳು. ದಂಡಿನ ಕುದುರೆಗಳಿಗೆ ಹುರುಳಿ ಒದಗಿಸುವ ಗುತ್ತಿಗೆ ಅವಳ ಅಣ್ಣನಿಗೆ ಸಿಕ್ಕದ್ದು ಅವಳಿಂದಲೇ. ನಮ್ಮ ಅಂಗಡಿ ಬೆಳೆದದ್ದು ಆ ಹುರುಳಿಯಿಂದ. ಹಾಗಾದರೆ ಸತ್ತ ಮೇಲಾದರೂ ನೆನೆದರಲ್ಲ ಅಂದೆ.

"ಸತ್ತ ಮ್ಯಾಲ ಅಲ್ಲವ್ವ," ಅಂದಳು ಅಜ್ಜಿ. "ಆಕಿ ಬಂಗಲೇದಾಗ ಜೀವಂತ ಇದ್ದಾಗನ ಎಲಿ ಇಡಾಕ ಸುರು ಮಾಡಿದ್ರು. ಮನಿ ಬಿಟ್ಟು ಹೋದ ಮಗಳಿಗೆ ನಮ್ಮಲ್ಲಿ ಹಂಗ ಪದ್ಧತಿ ಐತಿ."

ಎರಡನೆಯ ಎಲೆಯ ಮಾತನ್ನು ಅಜ್ಜಿಯ ಹತ್ತಿರ ಎತ್ತಲಿಲ್ಲ. ವೈನಿಯೇ ಇಟ್ಟಿರಬೇಕು, ಅವ್ವ ಅಲ್ಲ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡು ಬಂದೆ.

ಮೊಣಕಾಲಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ. ಅಣ್ಣನ ಮಗಳು ಪಿಂಕಿಗೆ ಒಂದು ಮುತ್ತು. ನಮ್ಮಿಬ್ಬರ ಮೇಲೂ ನಿನ್ನ ಆಶೀರ್ವಾದವಿರಲಿ.

ಇತಿ ನಿನ್ನ ಮಗಳು,
ಉಮಾಶ್ರೀ

ತಾ.ಕ.: ಮೊದಲ ಎಲೆಯಲ್ಲಿ ಬದನೆಕಾಯಿ ಪಲ್ಯ ಇತ್ತು, ಎರಡನೆಯದರಲ್ಲಿ ಇರಲಿಲ್ಲ. ಬದನೆಕಾಯಿ ತಿಂದರೆ ನನಗೆ ಮೈಯೆಲ್ಲ ತುರಿಕೆ ಏಳುತ್ತದೆಂದು ಆ ಮನೆಯಲ್ಲಿ ನೆನಪಿಡುವವಳು ನೀನೊಬ್ಬಳೇ. ಸತ್ತವರಿಗೆ ತುರಿಕೆ ಏಳುವುದಿಲ್ಲ, ಅವ್ವ.