ಅಣ್ಣ ನೋಡಬಾರದ ಚಿತ್ರ

ಆಗಸ್ಟ್ 3, ಸೋಮವಾರ, ಸಂಜೆ

ಇವತ್ತೂ ಎಡಿಟಿಂಗ್. ಕಣ್ಣು ಉರಿ. ಚಿತ್ರದಲ್ಲಿ ಒಂದೂ ಮುಖವಿಲ್ಲ — ಮರದ ತೊಗಟೆ ಬಡಿದು ಬಟ್ಟೆ ಮಾಡುವ ಅಮ್ಮನ ಕೈ, ತಂತಿಯ ಮೇಲೆ ಒಣಗುವ ನನ್ನ ಒಳಬಟ್ಟೆ, ಅಷ್ಟೇ. ಮೇಲೆ ನನ್ನ ದನಿ. ಕಾಲೇಜು ಮ್ಯಾಗಝಿನ್‌ಗೆ ಬರೆದ ಲೇಖನವನ್ನೇ ಓದಿದ್ದೇನೆ. ‘ಟೊಂಗಾದಲ್ಲಿ ಅಣ್ಣನಿಗಿಂತ ತಂಗಿಯ ಸ್ಥಾನ ದೊಡ್ಡದು. ಎಷ್ಟು ದೊಡ್ಡದೆಂದರೆ, ಅವಳ ಜೊತೆ ಮಾತಾಡಲು ಯಾರೂ ಇರುವುದಿಲ್ಲ.’ ಮೊದಲ ಸಲ ಮುಟ್ಟಾಗಿ ಹೆದರಿದ್ದೂ ಇದೆ.

ಶುಕ್ರವಾರ ಕಾಲೇಜು ಹಾಲ್‌ನಲ್ಲಿ ಪ್ರದರ್ಶನ.

ಆಗಸ್ಟ್ 5

ಎಡವಟ್ಟಾಯಿತು. ಶುಕ್ರವಾರ ಹಾಲ್‌ನ ಪ್ರೊಜೆಕ್ಟರ್ ಡ್ಯೂಟಿ ಸೆಮಿಸಿಯದು. ನನ್ನ ಒಡಹುಟ್ಟಿದ ಅಣ್ಣ! ಇಲ್ಲೇ, ಫಿಜಿಯ ಸುವಾದಲ್ಲೇ ಇಂಜಿನಿಯರಿಂಗ್ ಓದುತ್ತಾನೆ. ಆ ಕೆಲಸ ಬಲ್ಲ ಬೇರೆ ಯಾರಿಗೂ ಬಿಡುವಿಲ್ಲ. ನಮ್ಮ ಟೊಂಗಾದಲ್ಲಿ ವಯಸ್ಸಿಗೆ ಬಂದ ಅಣ್ಣ ತಂಗಿ ಒಂದೇ ಕೋಣೆಯಲ್ಲಿ ಕೂತು ಟಿವಿ ಕೂಡ ನೋಡುವುದಿಲ್ಲ. ಅದರಲ್ಲೂ ಒಳಬಟ್ಟೆ, ಮುಟ್ಟಿನ ಮಾತಿರುವ ಇದು...

ನಾನೇ ಹೊರಗಿರುತ್ತೇನೆ ಅಂದೆ. ರೂಮ್‌ಮೇಟ್ ಶಲೇಶ್ನಿ — ಕ್ಯಾಮರಾ ಹಿಡಿದವಳು, ಇಲ್ಲಿನ ಲಂಬಾಸಾ ಊರಿನ ಇಂಡಿಯನ್ ಹುಡುಗಿ — ನನ್ನ ಮೇಲೇ ಹರಿಹಾಯ್ದಳು.

“ಏ ಮೆಲೆನೈಟೆ, ವರ್ಷ ಪೂರ್ತಿ ಒದ್ದಾಡಿದ್ದು ನೀನು. ಊರೆಲ್ಲ ನೋಡೋವಾಗ ನೀನು ಮೆಟ್ಟಿಲ ಮೇಲೆ ಕೂರ್ತೀಯಾ? ಇದೇನೇ ನಿನ್ನ ಸ್ತ್ರೀವಾದ?”



ಆಗಸ್ಟ್ 7, ಶುಕ್ರವಾರ, ಮಧ್ಯಾಹ್ನ

ಶಲೇಶ್ನಿಯ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ನೇರ ಹೋಗಿ ಸೆಮಿಸಿಗೆ ಎಲ್ಲ ಹೇಳಿಬಿಟ್ಟಿದ್ದಾಳೆ! ಅವನ ಉತ್ತರವನ್ನೂ ಅವಳೇ ತಂದಳು.

“‘ಎದ್ದು ಹೋಗಬೇಕಾದ್ದು ತಂಗಿ ಅಲ್ಲ, ಅಣ್ಣ. ಅವಳು ಮುಂದಿನ ಸಾಲಲ್ಲೇ ಕೂರಲಿ. ನಾನು ಶುರು ಮಾಡಿಕೊಟ್ಟು ಹೊರಗೆ ಹೋಗ್ತೀನಿ’ ಅಂದ ಕಣೇ. ಒಳ್ಳೇವ್ನು ಪಾಪ.”

ಒಳ್ಳೆಯವನೇ. ಮತ್ತೆ ನನಗೇಕೆ ಸಿಟ್ಟು? ಯಾವಾಗಲೂ ಹೀಗೇ — ಗೌರವ ಕೊಟ್ಟು ಎದ್ದು ಹೋಗುವುದು. ಇಡೀ ಚಿತ್ರ ಮಾಡಿದ್ದೇ ಅವನ ಕಿವಿಗೆ ಬೀಳಲಿ ಅಂತ. ಇದು ಬರೆದ ಮೇಲೆ ನನಗೇ ಗೊತ್ತಾಗುತ್ತಿದೆ.

ಆಗಸ್ಟ್ 8

ನಿನ್ನೆ ಹಾಲ್ ತುಂಬಿತ್ತು. ಸೆಮಿಸಿ ಹೇಳಿದಂತೆಯೇ ಮಾಡಿದ. ನನ್ನತ್ತ ನೋಡಲಿಲ್ಲ, ಸದ್ದಾಗದಂತೆ ಬಾಗಿಲು ಎಳೆದುಕೊಂಡು ಹೊರಗೆ ಹೋದ. ತಂತಿಯ ಮೇಲಿನ ಒಳಬಟ್ಟೆ ಕಂಡು ಜನ ನಕ್ಕರು. ಕೊನೆಗೆ ಚಪ್ಪಾಳೆಯೂ ಬಿತ್ತು. ನಾನು ಮಾತ್ರ ತಿರುಗಿ ತಿರುಗಿ ಬಾಗಿಲನ್ನೇ ನೋಡಿದೆ.

ಗಡಿಬಿಡಿಯಲ್ಲಿ ಚಿತ್ರವಿದ್ದ ಪೆನ್ ಡ್ರೈವ್ ಅಲ್ಲೇ ಮರೆತು ಬಂದೆ.

ಆಗಸ್ಟ್ 11, ಬೆಳಿಗ್ಗೆ

ಶಲೇಶ್ನಿ ಪೆನ್ ಡ್ರೈವ್ ತಂದಳು. “ನಿಮ್ಮಣ್ಣ ಕೊಟ್ಟ. ಏನೋ ಹೇಳು ಅಂದ.”

“ಏನು?”

“ಕೊನೇಲಿ ತೊಗಟೆ ಬಡಿಯೋ ಸದ್ದು ಜಾಸ್ತಿ ಆಯ್ತಂತೆ. ‘ಅಣ್ಣಾ, ನೀನು ಕೇಳಿದ್ದರೆ ಹೇಳುತ್ತಿದ್ದೆ’ ಅಂತೀಯಲ್ಲ, ಅದು ಸರಿಯಾಗಿ ಕೇಳಿಸಲ್ವಂತೆ. ನಿನ್ನ ದನಿ ಜೋರು ಮಾಡ್ಬೇಕಂತೆ.”

ಅದು ಚಿತ್ರದ ಕಟ್ಟಕಡೆಯ ಮಾತು. ಅಂದರೆ ಒಬ್ಬನೇ ಕೂತು, ಕೊನೆಯವರೆಗೂ —