ಗುಳ್ಳೆ ಬಿಟ್ಟ ಕೊಳವೆ

ಪ್ರೀತಿಯ ಅಪ್ಪ,

ಫೋನಿರುವಾಗ ಪತ್ರ ಬರೆದಿದ್ದಕ್ಕೆ ಕ್ಷಮಿಸಿ. ಫೋನಿನಲ್ಲಿ ನೀವು “ಟರ್ಬೊ ಸತ್ತಿದೆ, ಕಾರನ್ನ ಗುಜರಿಗೆ ಹಾಕೋಣ” ಅಂದರೆ ನಾನು “ಸರಿ” ಅಂದುಬಿಡುತ್ತೇನೆ. ಅಮ್ಮನ ನಾಡಾದ ಇಂಗ್ಲೆಂಡಿನ ಹಾಸ್ಟೆಲಿನಲ್ಲಿ, ದೊಡ್ಡವರಿಗೆ ಎದುರಾಡದೆ ಬೆಳೆದವಳ ಚಾಳಿ.

ಎಂಜಿನ್ನಿಗೆ ಗಾಳಿ ಒತ್ತಿ ಕೊಡುವ ಆ ಟರ್ಬೊ ಸತ್ತಿಲ್ಲ ಅಪ್ಪ. ನೀವು ಕಲಿಸಿದಂತೆ, ಎಂಜಿನ್ ಆರಿಸುವ ಮೊದಲು ಅದು ತಣಿಯಲೆಂದು ದಿನವೂ ಕಾದು ಕೂರುತ್ತೇನೆ. ರೂಮಿನ ಗೆಳತಿ ಮಾರ್ನಿ ಕಿಟಕಿ ಬಡಿದು, “ಏನೇ, ಮುದುಕನಿಗೆ ಜೋಗುಳ ಹಾಡಿ ಆಯ್ತಾ?” ಅನ್ನುತ್ತಾಳೆ. ನಮ್ಮ ಹಳೇ ಕಾರಿಗೆ ಅವಳಿಟ್ಟ ಹೆಸರು ಮುದುಕ. ಟರ್ಬೊ ಕೆಟ್ಟರೆ ಬರುವ ನೀಲಿ ಹೊಗೆ ಇಲ್ಲ, ಆಯಿಲೂ ಇಳಿದಿಲ್ಲ. ಇಲ್ಲಿ ಡುಲೂತ್ ಊರಿನ ಏರುರಸ್ತೆ ಹತ್ತುವಾಗ ಮಾತ್ರ ಉಸ್ಸೆಂದು ಸೋಲುತ್ತದೆ.

ಭಾನುವಾರ ನಾವಿಬ್ಬರೂ ಗಾಳಿ ಎಲ್ಲಿ ಸೋರುತ್ತಿದೆ ಎಂದು ಹುಡುಕಲು, ಟರ್ಬೊಗೆ ಗಾಳಿ ಒಳಹೋಗುವ ಬಾಯಿಗೆ ಮುಚ್ಚಳ ಬಿಗಿದು, ಟೈರಿನ ಪಂಪಿನಿಂದ ಗಾಳಿ ತುಂಬಿ, ಕೊಳವೆಗಳ ಮೇಲೆಲ್ಲ ಪಾತ್ರೆ ತೊಳೆಯುವ ಸೋಪಿನ ನೀರು ಎರಚಿದೆವು. ಸೆಮಿಸ್ಟರ್ ಪರೀಕ್ಷೆಗೂ ನಾನು ಇಷ್ಟು ಹೆದರಿರಲಿಲ್ಲ. “ನೋಡೇ, ಮುದುಕ ಗುಳ್ಳೆ ಬಿಡ್ತಿದಾನೆ!” ಎಂದು ಮಾರ್ನಿ ಕುಣಿದಳು. ಟರ್ಬೊದಿಂದ ಹೊರಡುವ ರಬ್ಬರ್ ಕೊಳವೆ ಅಡಿಯಲ್ಲಿ ಸೀಳಿಹೋಗಿತ್ತು, ಅಷ್ಟೇ! ಟೇಪು ಸುತ್ತಿ ಏರಿಗೆ ಬಿಟ್ಟೆ. ಅರ್ಧದವರೆಗೆ ಕಾರು ಹಾರಿತು, ಆಮೇಲೆ ಟೇಪು ಹಾರಿತು.

ನೀವು ಗೊತ್ತುಮಾಡಿದ, ಮುಂದಿನ ವಾರ ಬರಲಿರುವ ಗುಜರಿ ಲಾರಿಯನ್ನು ದಯವಿಟ್ಟು ಬೇಡವೆನ್ನಿ. ಹೊಸ ಕೊಳವೆ ಇಲ್ಲೂ ಸಿಗುತ್ತದೆ, ಆದರೆ ನೀವೇ ತಂದರೆ ಒಳ್ಳೆಯದು. ಅದನ್ನು ಕೂರಿಸಲು ಇಬ್ಬರು ಬೇಕು. ಮಾರ್ನಿ ಇದ್ದಾಳೆ, ನಿಜ. ಶನಿವಾರ ಅವಳಿಗೆ ರಜೆ ಕೊಟ್ಟಿದ್ದೇನೆ.

ಬರುತ್ತೀರಾ? ಬೇಗ ಬರೆದು ತಿಳಿಸಿ.

ನಿಮ್ಮ
ಟ್ಯಾಮ್ಸಿನ್